ಆಷಾಢದ ಗಾಳಿಯಲ್ಲಿ ಟೆನ್ನಿಸ್

ಆಷಾಢ ಕಾಲಿಟ್ಟಿತೆಂದರೆ ನಮ್ಮ ಚಿತ್ರದುರ್ಗದ ಸೀಮೆಯಲ್ಲಿ ತಂತಿಯ ಮೇಲಿನ ಒಂದೊಂದು ಬಟ್ಟೆಗೂ ಎರಡೆರಡು ಕ್ಲಿಪ್ಪು ಬೇಕು. ಜೋಗಿಮಟ್ಟಿಯ ಕಡೆ ಗಾಳಿಯಂತ್ರಗಳನ್ನು ನಿಲ್ಲಿಸಿರುವುದು ಸುಮ್ಮನೆ ಅಲ್ಲ! ಮಲೆನಾಡಿನಲ್ಲಿ ಮಳೆ ಸುರಿಸಿ ಬಂದ ಮುಂಗಾರು ಗಾಳಿ ನಮ್ಮ ಬಯಲಿಗೆ ಬರುವಾಗ ನೀರು ಕಡಿಮೆ, ಬೀಸು ಜಾಸ್ತಿ. ಇಂಥ ಗಾಳಿಯಲ್ಲಿ ಟೆನ್ನಿಸ್ ಆಡುವುದೇ ಎಂದು ಮೂಗಿನ ಮೇಲೆ ಬೆರಳಿಡಬೇಡಿ, ಸೋದರಿಯರೇ. ಆಡಬಹುದು, ಚೆನ್ನಾಗಿಯೇ ಆಡಬಹುದು.

ನಾವು ಇದನ್ನು ಕಲಿತದ್ದು ಹಟಕ್ಕೆ. ನಾನು ಆಡುವ ಕ್ಲಬ್ಬಿನಲ್ಲಿ (ಹೆಸರು ಬೇಡ) ಇರುವುದು ಒಂದೇ ಮಣ್ಣಿನ ಕೋರ್ಟು. ಬೆಳಗಿನ ಹೊತ್ತು, ಸಂಜೆಯ ಹೊತ್ತು ಗಂಡಸರಿಗೆ. ಹೆಂಗಸರಿಗೆ ಮಧ್ಯಾಹ್ನ ನಾಲ್ಕರಿಂದ ಐದೂವರೆ. ಗಾಳಿ ಅತಿ ಜೋರಾಗಿರುವುದೂ ಆಗಲೇ ನೋಡಿ! ಬಿಸಿಲಿಗೆ ನೆಲ ಕಾದು ಕೆಳಗಿನ ಗಾಳಿ ಮೇಲೇರುತ್ತದೆ, ಮೇಲಿನ ಬಿರುಸು ಗಾಳಿ ಕೆಳಗಿಳಿಯುತ್ತದೆ. ಹೊತ್ತು ಮುಳುಗುತ್ತಾ ಬಂದಂತೆ ತಗ್ಗುತ್ತದೆ. ಆಗ ಗಂಡಸರು ಬಿಳಿ ಷೂ ಹಾಕಿಕೊಂಡು ಬರುತ್ತಾರೆ. ಹೋದ ವರ್ಷ ಕಮಿಟಿಯವರು, "ಆಷಾಢದಲ್ಲಿ ಲೇಡೀಸ್ ಬರೋದೇ ಇಲ್ಲ, ಆ ಟೈಮನ್ನು ಹುಡುಗರ ಕೋಚಿಂಗಿಗೆ ಕೊಡೋಣ" ಎಂದರು. ಒಂದು ಸಲ ಬಿಟ್ಟುಕೊಟ್ಟ ಹೊತ್ತು ಶ್ರಾವಣಕ್ಕೆ ವಾಪಸು ಬಂದೀತೇ? ನಾವು ನಾಲ್ವರು ದಿನವೂ ಹೋಗಿ ರಿಜಿಸ್ಟರಿನಲ್ಲಿ ಸಹಿ ಹಾಕುವುದೆಂದು ನಿಶ್ಚಯಿಸಿದೆವು. ಸಹಿ ಹಾಕಿ ಕಟ್ಟೆಯ ಮೇಲೆ ಕೂತರೆ ಆಗುತ್ತದೆಯೇ, ಆಡಬೇಕಲ್ಲ!

ಷಟಲ್ ಆಡಬಹುದಿತ್ತಲ್ಲ ಅಂತೀರಾ? ಷಟಲ್ ಕಾಕಿನ ತೂಕ ಹೆಚ್ಚೆಂದರೆ ಐದೂವರೆ ಗ್ರಾಂ. ನಮ್ಮ ಗಾಳಿಗೆ ಅದು ಪಕ್ಕದ ಕಾಂಪೌಂಡಿನಲ್ಲೇ. ಟೆನ್ನಿಸ್ ಚೆಂಡು 56ರಿಂದ 59.4 ಗ್ರಾಂ ಇರಬೇಕೆಂದು ನಿಯಮ, ಅಂದರೆ ಹತ್ತು ಪಟ್ಟಿಗೂ ಹೆಚ್ಚು. ಗಾಳಿ ಅದನ್ನು ಎಳೆಯುತ್ತದೆ, ಆದರೆ ಹೊತ್ತುಕೊಂಡು ಹೋಗುವುದಿಲ್ಲ.

ನಮಗೆ ಗುರು ಎಂದರೆ ನಿವೃತ್ತರಾದ ಪಿ.ಟಿ. ಟೀಚರೊಬ್ಬರು. ಅವರು ಮೊದಲ ದಿನವೇ ಕೇಳಿದರು: "ಏನಮ್ಮಾ, ನಿಮ್ಮಮ್ಮ ಕಣದಲ್ಲಿ ರಾಶಿ ತೂರೋದು ನೋಡಿಲ್ವಾ? ಗಟ್ಟಿಕಾಳು ಕಾಲ ಬುಡಕ್ಕೇ ಬೀಳುತ್ತೆ, ಹೊಟ್ಟು ಊರಾಚೆ ಹೋಗುತ್ತೆ. ನಿನ್ನ ಹೊಡೆತ ಕಾಳಾಗಬೇಕು." ಮೆತ್ತಗೆ ಎತ್ತಿ ತೇಲಿಸಿದ ಚೆಂಡು ಹೊಟ್ಟು. ಕೆಳಗಿನಿಂದ ಮೇಲಕ್ಕೆ ಉಜ್ಜಿ, ಮುಂದಕ್ಕೆ ಉರುಳುವಂತೆ ಹೊಡೆದ ಚೆಂಡು, ಅಂದರೆ ಟಾಪ್ ಸ್ಪಿನ್, ಕಾಳು. ನೆಟ್ ದಾಟಿದ ಮೇಲೆ ಅದು ತಾನಾಗಿ ಕೆಳಗಿಳಿಯುತ್ತದೆ.

ಕೋರ್ಟಿಗೆ ಇಳಿದ ಕೂಡಲೇ ಒಂದು ಚಿಟಿಕೆ ಒಣ ಹುಲ್ಲು ಬಿಟ್ಟು ಗಾಳಿ ಎತ್ತಲಿಂದ ಎಂದು ನೋಡಿಕೊಳ್ಳಿ. ಆಟದ ನಡುವೆಯೂ ತೆಂಗಿನ ಗರಿಯ ಮೇಲೆ ಒಂದು ಕಣ್ಣಿರಲಿ.

ಎಲ್ಲಕ್ಕಿಂತ ಹೆಚ್ಚು ಗೋಳು ಸರ್ವಿಸಿನದು. ಚೆಂಡನ್ನು ಎತ್ತರಕ್ಕೆ ಎಸೆದಷ್ಟೂ ಗಾಳಿಯ ಕೈಗೆ ಕೊಟ್ಟಂತೆ. ಕೈ ಮತ್ತು ರ‍್ಯಾಕೆಟ್ (ಬ್ಯಾಟು ಅಂದರೆ ಕ್ಲಬ್ಬಿನಲ್ಲಿ ನಗ್ತಾರೆ!) ಚಾಚಿದಾಗ ಎಟಕುವಷ್ಟು ಎತ್ತರ ಸಾಕು. ಎಸೆದದ್ದು ಸರಿದುಹೋಯಿತೆ? ಹೊಡೆಯಲೇಬೇಡಿ, ಕೈಯಲ್ಲಿ ಹಿಡಿದುಕೊಂಡು ಮತ್ತೆ ಎಸೆಯಿರಿ. ರ‍್ಯಾಕೆಟ್ ಬೀಸದಿದ್ದರೆ ಅದು ಫಾಲ್ಟ್ ಅಲ್ಲ. ಇದು ಗೊತ್ತಿಲ್ಲದೆ ಓಡಿ ಬಗ್ಗಿ ವಕ್ರವಕ್ರವಾಗಿ ಹೊಡೆಯುವವರೇ ಬಹಳ. ಬಿರುಸು ಬೇಡ, ಮೊದಲ ಸರ್ವಿಸೇ ಒಳಗೆ ಬಿದ್ದರೆ ಸಾಕು.

ಇನ್ನು ಕಾಲು. ಚೆಂಡು ಕೊನೇ ಗಳಿಗೆಯಲ್ಲಿ ಮೊಳದಷ್ಟು ಅತ್ತಿತ್ತ ಸರಿಯುತ್ತದೆ. ಬೇರು ಬಿಟ್ಟಂತೆ ನಿಂತರೆ ಆಗದು. ಪುಟ್ಟ ಪುಟ್ಟ ಹೆಜ್ಜೆ ಹಾಕುತ್ತಲೇ ಇರಬೇಕು, ಬಿಸಿ ನೆಲದ ಮೇಲೆ ಬರಿಗಾಲಿನಲ್ಲಿ ನಿಂತ ಹಾಗೆ. ರ‍್ಯಾಕೆಟ್ಟನ್ನು ಬೆನ್ನ ಹಿಂದಿನವರೆಗೆ ಒಯ್ಯದೆ ಚಿಕ್ಕದಾಗಿ ಬೀಸಿ.

ಗಾಳಿ ಮುಖಕ್ಕೆ ಹೊಡೆಯುವ ಕಡೆ ನಿಂತಾಗ ಹೆದರುವವರೇ ಹೆಚ್ಚು. ನನ್ನನ್ನು ಕೇಳಿದರೆ ಅದೇ ಒಳ್ಳೆಯ ಕಡೆ. ಧೈರ್ಯವಾಗಿ, ನೆಟ್ಟಿನ ಮೇಲೆ ಎತ್ತರದಲ್ಲಿ, ಪೂರ್ತಿ ಬಲ ಹಾಕಿ ಹೊಡೆಯಿರಿ. ಗಾಳಿಯೇ ತಡೆದು ಒಳಗೆ ಬೀಳಿಸುತ್ತದೆ. ನೆಟ್ ದಾಟಿಸಿ ಮೆಲ್ಲಗೆ ಇಟ್ಟ ಚೆಂಡು ಅಲ್ಲೇ ಸತ್ತು ಬೀಳುತ್ತದೆ, ಎದುರಿನವರು ಓಡಿ ಬರುವುದರೊಳಗೆ ಪಾಯಿಂಟು ನಿಮ್ಮದು. ಆದರೆ ಅವರ ಚೆಂಡು ನಿಮ್ಮತ್ತ ಬೇಗ ಬರುತ್ತದೆ, ಮೊದಲೇ ಸಿದ್ಧರಾಗಿರಬೇಕು.

ಗಾಳಿ ಬೆನ್ನಿಗಿದ್ದಾಗ ಎಲ್ಲರಿಗೂ ಹುರುಪು, ಚೆಂಡೆಲ್ಲ ಔಟು! ಅಲ್ಲಿ ಬಲ ತಗ್ಗಿಸಿ. ಹಿಂದಿನ ಗೆರೆಯ ಹತ್ತಿರಕ್ಕೆ ಗುರಿಯಿಡದೆ ಅದಕ್ಕಿಂತ ಸಾಕಷ್ಟು ಮುಂದೆ, ಸರ್ವಿಸ್ ಗೆರೆಯನ್ನು ಸ್ವಲ್ಪವೇ ದಾಟುವಂತೆ ನೋಡಿ. ಎದುರಿನವರ ಚೆಂಡು ಗಿಡ್ಡವಾಗಿ ಬೀಳುವುದರಿಂದ ಎರಡು ಹೆಜ್ಜೆ ಮುಂದೆ ನಿಲ್ಲಿ, ಸಮಯ ಸಿಕ್ಕರೆ ನೆಟ್ಟಿಗೇ ನುಗ್ಗಿ. ತಲೆಯ ಮೇಲೆ ಎತ್ತಿ ಹಾಕುವ ಲಾಬ್ ಆಗ ಬೇಡವೇ ಬೇಡ.

ಅಡ್ಡಗಾಳಿಯಿದ್ದರೆ ಗೆರೆಗಳನ್ನು ಮರೆತುಬಿಡಿ. ನಾಲ್ಕೈದು ಅಡಿ ಒಳಗೇ ಹೊಡೆಯಿರಿ, ಗೆರೆಯ ಹತ್ತಿರಕ್ಕೆ ಒಯ್ಯುವ ಕೆಲಸ ಗಾಳಿಗೆ ಬಿಡಿ. ನೆಟ್ಟಿನ ನಡುವೆ ಎತ್ತರ ಮೂರು ಅಡಿ, ಕಂಬದ ಹತ್ತಿರ ಮೂರೂವರೆ. ನಡುವೆ ಹೊಡೆಯುವುದು ಹೇಗೂ ಸುಲಭ.

ಟಾಸ್ ಗೆದ್ದರೆ ನಮ್ಮ ಟೀಚರ್ ಎದುರುಗಾಳಿಯ ಕಡೆಯನ್ನೇ ಕೇಳುತ್ತಾರೆ. ಒಂದು ಗೇಮ್ ಆದ ಕೂಡಲೇ ಕಡೆ ಬದಲಾಗುತ್ತದೆ, ಆಮೇಲೆ ಎರಡೆರಡು ಗೇಮಿಗೆ ಒಮ್ಮೆ. ಹೀಗಾಗಿ ಮೊದಲಿನ ಒಂದು ಗೇಮಿನ ಕಷ್ಟಕ್ಕೆ ಮುಂದಿನ ಎರಡು ಗೇಮ್ ಗಾಳಿ ನಮ್ಮ ಬೆನ್ನಿಗಿರುತ್ತದೆ. ಲೆಕ್ಕದಲ್ಲಿ ಅವರು ಗಟ್ಟಿ.

ದೊಡ್ಡ ದೊಡ್ಡವರಿಗೂ ಈ ಪಾಡು ತಪ್ಪಿಲ್ಲ. ನ್ಯೂಯಾರ್ಕಿನ ಆರ್ಥರ್ ಆಷ್ ಮೈದಾನ, 2016ರಲ್ಲಿ ಅದಕ್ಕೆ ಚಾವಣಿ ಹಾಕುವ ಮುಂಚೆ, ಸುತ್ತುಗಾಳಿಗೆ ಹೆಸರಾಗಿತ್ತು. 2012ರ ಫೈನಲಿನಲ್ಲಿ ಆಂಡಿ ಮರ‍್ರೆ, ನೊವಾಕ್ ಜೊಕೊವಿಚ್ ಆ ಗಾಳಿಯಲ್ಲಿ 4 ಗಂಟೆ 54 ನಿಮಿಷ ಗುದ್ದಾಡಿದರು, ಗೆದ್ದದ್ದು ಮರ‍್ರೆ. ಮರುವರ್ಷ ಅಲ್ಲೇ ಸೆರೀನಾ ವಿಲಿಯಮ್ಸ್ ಅಜರೆಂಕಾ ಎದುರು ಎರಡನೇ ಸೆಟ್ಟಿನಲ್ಲಿ ಎರಡು ಸಲ ಗೆಲುವಿನ ಹೊಸ್ತಿಲಿಗೆ ಬಂದು ಸರ್ವಿಸ್ ಕಳೆದುಕೊಂಡಳು. ಸೆಟ್ಟೂ ಹೋಯಿತು. ಆದರೂ ಮೂರನೆಯದನ್ನು 6-1ರಲ್ಲಿ ಗೆದ್ದಳು. ಗಾಳಿಯನ್ನು ಬೈಯುತ್ತಾ ಕೂತಿದ್ದರೆ ಆಗುತ್ತಿತ್ತೇ? ವಯಸ್ಸಾಯಿತೆನ್ನುವವರಿಗೆ ಇನ್ನೊಂದು ಮಾತು: ನಮ್ಮ ಕೊಡಗಿನ ರೋಹನ್ ಬೋಪಣ್ಣ 2024ರಲ್ಲಿ ಆಸ್ಟ್ರೇಲಿಯನ್ ಓಪನ್ ಡಬಲ್ಸ್ ಗೆದ್ದಾಗ ಅವರಿಗೆ 43.

ಉಡುಪಿನ ವಿಷಯ. ದುಪಟ್ಟಾ ಮನೆಯಲ್ಲೇ ಬಿಡಿ, ಇಲ್ಲವೇ ಸೊಂಟಕ್ಕೆ ಬಿಗಿಯಾಗಿ ಕಟ್ಟಿ. ಜಡೆಯನ್ನು ಸುತ್ತಿ ಗಂಟು ಹಾಕಿ, ಹಣೆಗೆ ಒಂದು ಪಟ್ಟಿ. ಆಟಕ್ಕೆ ಮುಂಚೆ ಕೋರ್ಟಿಗೆ ನೀರು ಚಿಮುಕಿಸದಿದ್ದರೆ ಧೂಳೆಲ್ಲ ಕಣ್ಣಿಗೆ. ಕಣ್ಣಿಗೆ ಬಿದ್ದರೆ ಉಜ್ಜಬೇಡಿ, ಶುದ್ಧವಾದ ತಣ್ಣೀರಿನಲ್ಲಿ ತೊಳೆದುಕೊಳ್ಳಿ.

ಹೋದ ಆಷಾಢದಲ್ಲಿ ಮಳೆ ಬಂದ ದಿನಗಳನ್ನು ಬಿಟ್ಟು ಒಂದು ದಿನವೂ ನಮ್ಮ ಸಹಿ ತಪ್ಪಲಿಲ್ಲ. ಕಮಿಟಿಯವರು ರಿಜಿಸ್ಟರ್ ತಿರುವಿ ನೋಡಿ ಸುಮ್ಮನಾದರು. ನಾಲ್ಕರಿಂದ ಐದೂವರೆ ನಮ್ಮಲ್ಲೇ ಉಳಿಯಿತು. ನಾಲ್ವರಿದ್ದವರು ಈಗ ಏಳು ಜನ. ಬ್ಯಾಂಕಿನ ಹುಡುಗಿಯೊಬ್ಬಳು ರಜಾ ದಿನಗಳಲ್ಲಿ ಬರುತ್ತಾಳೆ. ವಾರಕ್ಕೆ ಎರಡು ದಿನ ಬೆಳಗಿನ ಹೊತ್ತನ್ನೂ ಕೊಡಿ ಎಂದು ಎಲ್ಲರೂ ಸೇರಿ ಅರ್ಜಿ ಹಾಕಿದ್ದೇವೆ. "ನಿಮಗೆ ಗಾಳಿಯೇ ಚೆನ್ನಾಗಿ ಒಗ್ಗಿದೆಯಲ್ಲ ಮೇಡಂ" ಎಂದು ಕಾರ್ಯದರ್ಶಿಗಳು ನಕ್ಕರು. ಅರ್ಜಿಗೆ ಇನ್ನೂ ಉತ್ತರ ಬಂದಿಲ್ಲ. ಟೀಚರ್ ಅದರ ನಕಲನ್ನು ಜೋಪಾನವಾಗಿ ಇಟ್ಟಿದ್ದಾರೆ.