ಮೈಮರೆವಿಗೆ ಏಳು ಅಡ್ಡಿಗಳು

ನಮ್ಮ ನಂಗಲಿ ಗಡಿಯ ಊರು. 12ನೆಯ ಶತಮಾನದಲ್ಲಿ ಹೊಯ್ಸಳ ವಿಷ್ಣುವರ್ಧನನು ಗೆದ್ದ ನಾಡುಗಳನ್ನು ಅವನ ಬಿರುದುಗಳಲ್ಲಿ ಎಣಿಸುವ ಶಾಸನಗಳು ತಲಕಾಡು, ಕೊಂಗುಗಳ ಜೊತೆಗೆ ನಂಗಲಿಯನ್ನೂ ಹೇಳುತ್ತವೆ. ಇಲ್ಲಿ ಮನೆಯ ಮಾತು ಅನೇಕರಿಗೆ ತೆಲುಗು, ಶಾಲೆಯ ಮಾತು ಕನ್ನಡ. ಆಟದ ಕಣದಲ್ಲಿ ಎರಡೂ ಒಂದೇ. ಮೂಡಲಪಾಯ ಬಯಲಾಟವನ್ನು ನಮ್ಮ ಕಡೆ ಕೇಳಿಕೆ ಎನ್ನುತ್ತಾರೆ. ಭಾಗವತರು ಊರವರಿಗೆ ತಿಂಗಳುಗಟ್ಟಲೆ ಕಲಿಸಿ, ಒಂದು ರಾತ್ರಿ ಬೆಳಗಿನವರೆಗೆ ಆಡಿಸುವ ಆಟವದು.

ಕಳೆದ ವರ್ಷ ಸಮೀಪದ ಹಳ್ಳಿಯೊಂದರ ಹಿರಿಯರು ನನ್ನಲ್ಲಿಗೆ ಬಂದಿದ್ದರು. ‘ಮೇಷ್ಟ್ರೇ, ಜಾತ್ರೆಗೆ ಈ ಸಲ ಆರ್ಕೆಸ್ಟ್ರಾ ಕರೆಸೋಣ ಅಂತ ಹುಡುಗರು ಹಟ ಹಿಡಿದವ್ರೆ. ಕೇಳಿಕೆಗೆ ಹತ್ತು ನಿಮಿಷ ಕೂರೋದಿಲ್ಲ. ಯಾರಿಗೋಸ್ಕರ ಆಡ್ಸೋಣ, ನೀವೇ ಹೇಳಿ’ ಎಂದರು. ಒಮ್ಮೆ ಬಿಟ್ಟ ಆಟವನ್ನು ಮತ್ತೆ ಕಟ್ಟುವುದು ಸುಲಭವಲ್ಲ. ಕಲಿಸುವ ಭಾಗವತರಿಗೂ ವಯಸ್ಸಾಗಿದೆ. ಆ ದಿನ ನನಗೆ ಉತ್ತರ ತೋಚಲಿಲ್ಲ. ನಮ್ಮ ತಂದೆಯ ಕಾಲದವರು ಮೈಮರೆತು ಕೂತಿದ್ದ ಆಟದಲ್ಲಿ ಇಂದಿನವರು ಏಕೆ ಮೈಮರೆಯಲಾರರು? ಮೊದಲಿಗೆ ಮೈಮರೆವು ಎಂದರೇನು?

ಅದು ಭ್ರಾಂತಿಯಲ್ಲ ಎಂಬುದನ್ನು ಮೊದಲು ತಿಳಿಯಬೇಕು. 1938ರ ಅಕ್ಟೋಬರ್ 30ರಂದು ಅಮೆರಿಕದ ರೇಡಿಯೋದಲ್ಲಿ ಆರ್ಸನ್ ವೆಲ್ಸ್ ಎಂಬಾತನು ಎಚ್. ಜಿ. ವೆಲ್ಸರ ಕಾದಂಬರಿಯೊಂದನ್ನು ನಾಟಕವಾಗಿ ಪ್ರಸಾರ ಮಾಡಿದನು. ಮಂಗಳಗ್ರಹದವರು ಭೂಮಿಗೆ ದಂಡೆತ್ತಿ ಬಂದ ಕಥೆ; ಅದನ್ನು ಆತನು ವಾರ್ತೆಯ ಧಾಟಿಯಲ್ಲಿ ಹೇಳಿಸಿದನು. ಕೆಲವರು ನಿಜವೆಂದೇ ಹೆದರಿದರು. ದೇಶವೇ ದಿಕ್ಕೆಟ್ಟು ಓಡಿತೆಂದು ಪತ್ರಿಕೆಗಳು ಬರೆದುದು ಅತಿಶಯೋಕ್ತಿಯೆಂದು ಈಚಿನ ಸಂಶೋಧಕರು ತೋರಿಸಿದ್ದಾರೆ. ಅದಿರಲಿ, ಹೆದರಿ ಮನೆಬಿಟ್ಟು ಹೊರಟವನು ನಾಟಕವನ್ನು ಸವಿದವನೇ? ಅಲ್ಲವಷ್ಟೆ. ಅವನು ಮೋಸಹೋದವನು. ಚಿತ್ರದ ಕುದುರೆಯನ್ನು ಕಂಡು ‘ಇದು ಕುದುರೆ’ ಎನ್ನುತ್ತೇವೆ. ಆದರೆ ಅದಕ್ಕೆ ಯಾರೂ ಹುಲ್ಲು ಹಾಕುವುದಿಲ್ಲ. ಆ ಅರಿವು ನಿಜವೂ ಅಲ್ಲ, ಸುಳ್ಳೂ ಅಲ್ಲ, ಸಂಶಯವೂ ಅಲ್ಲ. ಶ್ರೀಶಂಕುಕನೆಂಬ ಆಲಂಕಾರಿಕನು ನಾಟಕದ ಅನುಭವಕ್ಕೆ ಕೊಟ್ಟ ಉಪಮೆಯೇ ಈ ಚಿತ್ರದ ಕುದುರೆ.

ಸಾವಿರ ವರ್ಷದ ಹಿಂದೆ ಕಾಶ್ಮೀರದಲ್ಲಿದ್ದ ಅಭಿನವಗುಪ್ತನು ಪ್ರಶ್ನೆಯನ್ನು ತಿರುವಿಹಾಕಿದನು. ರಸವನ್ನು ಉಂಟುಮಾಡುವುದು ಹೇಗೆ ಎಂಬುದರ ಜೊತೆಗೆ, ಅದನ್ನು ತಡೆಯುವುದು ಯಾವುದು ಎಂದು ಕೇಳಿ ಏಳು ವಿಘ್ನಗಳನ್ನು ಎಣಿಸಿದನು. ಅಡ್ಡಿಗಳು ತೊಲಗಿದರೆ ಮನಸ್ಸು ತಾನಾಗಿ ಒಂದರಲ್ಲಿ ನೆಲಸುತ್ತದೆ ಎಂಬುದು ಅವನ ಮತ. ಆ ಏಳನ್ನೂ ನಮ್ಮ ಕೇಳಿಕೆಯ ಕಣಕ್ಕೆ ತಂದು ನೋಡೋಣ.

ಮೊದಲನೆಯದು, ‘ಇದು ನಡೆಯುವ ಮಾತಲ್ಲ’ ಎಂಬ ಅನಿಸಿಕೆ. ಇದಕ್ಕೆ ಮದ್ದು ಪ್ರಸಿದ್ಧವಾದ ಕಥೆ. ಹರಿಶ್ಚಂದ್ರನು ಸುಡುಗಾಡು ಕಾಯುವನೆಂದು ಕಣದಲ್ಲಿ ಕೂತ ಅಜ್ಜಿಗೆ ಮೊದಲೇ ಗೊತ್ತು. ಗೊತ್ತಿರುವುದರಿಂದಲೇ ಅವಳು ತಕರಾರು ಮಾಡದೆ ಅಳುತ್ತಾಳೆ. ಆದರೆ ಕಥೆಯನ್ನೇ ಕೇಳರಿಯದ ಹುಡುಗನಿಗೆ ಈ ಬಾಗಿಲು ಮುಚ್ಚಿರುತ್ತದೆ.

ಎರಡನೆಯದು, ‘ಇದು ನನ್ನದು, ಅದು ಅವನದು’ ಎಂಬ ಎಣಿಕೆ. ರಾಜನ ವೇಷ ಹಾಕಿದವನು ನಮ್ಮೂರ ಅಂಗಡಿಯವನು. ನಾಲ್ಕು ದಿನದ ಹಿಂದೆ ಬೆಲ್ಲ ತೂಗಿಕೊಟ್ಟವನು. ಅದು ಮರೆಯುವುದೆಂತು? ಅದಕ್ಕಾಗಿಯೇ ಕಿರೀಟ, ಭುಜಕೀರ್ತಿ, ಬಣ್ಣ; ಅದಕ್ಕಾಗಿಯೇ ಅಡ್ಡ ಹಿಡಿದ ತೆರೆ; ಅದಕ್ಕಾಗಿಯೇ ಸಾರಥಿಯು ಎದುರು ನಿಂತು ‘ತಾವು ಯಾರು’ ಎಂದು ಕೇಳುವ ಪದ್ಧತಿ. ಉತ್ತರ ಬರುವ ಹೊತ್ತಿಗೆ ಅಂಗಡಿಯವನು ಮರೆಯಾಗಿರುತ್ತಾನೆ. ಆಗ ಆ ದುಃಖ ಅವನದೂ ಅಲ್ಲ, ಆ ಕಾಲದ ಅರಸನದೂ ಅಲ್ಲ, ಎಲ್ಲರಿಗೂ ಸಾಧಾರಣವಾದುದು. ಭಟ್ಟನಾಯಕನು ಸಾಧಾರಣೀಕರಣವೆಂದು ಕರೆದುದು ಇದನ್ನೇ.

ಮೂರನೆಯದು, ನಮ್ಮ ನಮ್ಮ ಸುಖದುಃಖಗಳಿಗೆ ವಶವಾಗಿರುವುದು. ನನ್ನ ತಾಯಿ ತೀರಿಕೊಂಡ ವರ್ಷ ಕೇಳಿಕೆಗೆ ಹೋಗಿದ್ದೆ. ಮೊದಲ ಜಾವವೆಲ್ಲ ಕಣ್ಣೆದುರಿನ ಆಟ ಕಾಣಲಿಲ್ಲ. ಆಸ್ಪತ್ರೆಯ ಹಾಸಿಗೆಯೇ ಕಾಣುತ್ತಿದ್ದಿತು. ನಡುರಾತ್ರಿ ಮೀರಿದ ಮೇಲೆ ಮದ್ದಳೆ, ಮುಖವೀಣೆಗಳು ಏರಿದುವು; ಚಂದ್ರಮತಿಯ ಅಳಲು ಬಂದಿತು. ಅಲ್ಲಿಯವರೆಗೆ ನನ್ನೊಬ್ಬನದಾಗಿದ್ದ ದುಃಖ ಕಣದ ಜನಕ್ಕೆಲ್ಲ ಹಂಚಿಹೋದಂತಾಯಿತು. ಮನೆಯಲ್ಲಿ ಬಾರದಿದ್ದ ಅಳು ಅಲ್ಲಿ ಬಂದಿತು. ಈ ವಿಘ್ನಕ್ಕೆ ಗೀತವಾದ್ಯಗಳೇ ಪರಿಹಾರವೆಂದು ಶಾಸ್ತ್ರಕಾರನು ಬರೆದುದನ್ನು ನಾನು ಓದಿದ್ದೆ. ನಂಬಿದ್ದು ಆ ರಾತ್ರಿ.

ನಾಲ್ಕು ಮತ್ತು ಐದನೆಯವು, ಅರಿಯುವ ಸಾಧನಗಳ ಕೊರತೆ ಮತ್ತು ಸ್ಪಷ್ಟತೆಯ ಅಭಾವ. ಭರತನು ಮನುಷ್ಯರ ನಾಟ್ಯಮಂಟಪಕ್ಕೆ 64 ಮೊಳ ಉದ್ದ, 32 ಮೊಳ ಅಗಲವನ್ನು ವಿಧಿಸಿದ್ದಾನೆ. ಮೊಳಕ್ಕೆ ಒಂದೂವರೆ ಅಡಿಯಂತೆ ಹಿಡಿದರೆ 96 ಅಡಿಗೆ 48 ಅಡಿ. ಅದಕ್ಕಿಂತ ದೊಡ್ಡದಾದರೆ ಮಾತು ಕೇಳಿಸದು, ಮುಖದ ಭಾವ ಕಾಣದು ಎಂಬುದು ಅವನು ಕೊಟ್ಟ ಕಾರಣ. ಇಂದು ನಮ್ಮ ಆಟದಲ್ಲಿ ನಟನು ಒಂದು ಕಡೆ, ಅವನ ಧ್ವನಿ ಹುಣಿಸೆಮರಕ್ಕೆ ಕಟ್ಟಿದ ಲೌಡ್‌ಸ್ಪೀಕರಿನಲ್ಲಿ. ಕುಣಿಯಬೇಕಾದವನು ಮೈಕಿನ ಕಂಬಕ್ಕೆ ಕಟ್ಟಿದ ಕರುವಿನಂತೆ ನಿಂತಿರುತ್ತಾನೆ. ಶಬ್ದ ಹೆಚ್ಚಿತು, ಸ್ಪಷ್ಟತೆ ಹೋಯಿತು.

ಆರನೆಯದು, ಮುಖ್ಯವಾದುದು ಅಮುಖ್ಯವಾಗುವುದು. ರೋಹಿತಾಶ್ವನಿಗೆ ಹಾವು ಕಚ್ಚಿದ ಸಂದರ್ಭದಲ್ಲಿ ಆಟ ನಿಲ್ಲಿಸಿ ದಾನಿಗಳಿಗೆ ಹಾರ ಹಾಕಿದುದನ್ನು ಕಂಡಿದ್ದೇನೆ. ಸತ್ತ ಮಗುವೂ ಎದ್ದು ಕೂತು ನೋಡುತ್ತಿದ್ದಿತು! ಮೊಬೈಲಿನಲ್ಲಿ ಚಿತ್ರ ಹಿಡಿಯುವವನಿಗೂ ಇದೇ ಗತಿ: ಅವನಿಗೆ ಚೌಕಟ್ಟು ಮುಖ್ಯ, ಆಟ ಅಮುಖ್ಯ.

ಏಳನೆಯದು ಸಂಶಯ. ಕಣ್ಣೀರು ದುಃಖದಿಂದ ಬರಬಹುದು, ಆನಂದದಿಂದ ಬರಬಹುದು, ಕಣ್ಣುಬೇನೆಯಿಂದಲೂ ಬರಬಹುದು. ಕಾರಣ, ಚೇಷ್ಟೆ, ಕ್ಷಣಕ್ಷಣದ ಭಾವ ಇವು ಮೂರೂ ಸೇರಿದಾಗಲೇ ಇದು ಶೋಕವೆಂದು ನಿಶ್ಚಯವಾಗುತ್ತದೆ. ಮಾತನ್ನು ಕತ್ತರಿಸಿ ಆಟವನ್ನು ಎರಡು ಗಂಟೆಗೆ ಇಳಿಸಿದಾಗ ಮೊದಲು ಹೋಗುವುದು ಕಾರಣ. ಉಳಿಯುವುದು ಬರಿಯ ಕಣ್ಣೀರು.

ಇಷ್ಟನ್ನು ನೋಡಿದರೆ, ಕಣ್ಣುಕಿವಿಗಳನ್ನು ಸುತ್ತ ಮುಚ್ಚಿಬಿಟ್ಟರೆ ತನ್ಮಯತೆ ಬರುವುದೆಂಬ ಈಗಿನ ಎಣಿಕೆ ಅರ್ಧಸತ್ಯವೆಂದು ತಿಳಿಯುತ್ತದೆ. ಕಣ್ಣಿಗೆ ಕಟ್ಟಿಕೊಂಡು ಬೇರೊಂದು ಲೋಕವನ್ನು ನೋಡುವ ಯಂತ್ರಗಳು ಬಂದಿವೆ. ಅವು ನಾಲ್ಕನೆಯ, ಐದನೆಯ ಅಡ್ಡಿಗಳನ್ನು ನೀಗಿಸಬಹುದು. ಉಳಿದ ಐದಕ್ಕೆ ಯಂತ್ರವೊಂದೇ ಸಾಲದು. ರೇಡಿಯೋವನ್ನು ನೋಡಿ. 1935ರಲ್ಲಿ ಮೈಸೂರಿನಲ್ಲಿ ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲೇ ಪ್ರಸಾರವನ್ನು ಆರಂಭಿಸಿದರು. ಅಂದಿನಿಂದ ಆಕಾಶವಾಣಿಯು ಕಣ್ಣಿಗೆ ಏನನ್ನೂ ಕೊಡದೆ ಕೇಳುಗರನ್ನು ಅಳಿಸಿದೆ, ನಗಿಸಿದೆ. ಕೊಟ್ಟ ಒಂದೇ ಸಾಧನ ಸ್ಪಷ್ಟವಾಗಿದ್ದರೆ ಉಳಿದುದನ್ನು ಮನಸ್ಸು ತುಂಬಿಕೊಳ್ಳುತ್ತದೆ.

ಇದನ್ನು ಶಾಲೆಯಲ್ಲಿ ಪರೀಕ್ಷಿಸಿದೆ. ಒಂಬತ್ತನೆಯ ತರಗತಿಗೆ ರೇಡಿಯೋ ನಾಟಕವೊಂದನ್ನು ಕೇಳಿಸಿದೆ. ಮೊದಲ ಸಲ ನಗು, ಗುಸುಗುಸು. ವಾರದ ಮೇಲೆ ಕಥೆಯನ್ನು ಮೊದಲೇ ಹೇಳಿ, ಬೆಂಚುಗಳನ್ನು ಹತ್ತಿರ ಎಳೆಸಿ, ಕಿಟಕಿ ಮುಚ್ಚಿಸಿ, ಕೊನೆಗೆ ಪ್ರಶ್ನೆ ಕೇಳುವುದಿಲ್ಲವೆಂದು ಮಾತುಕೊಟ್ಟು ಮತ್ತೆ ಕೇಳಿಸಿದೆ. ಇಬ್ಬರು ನಿದ್ದೆಹೋದರು. ಉಳಿದವರು ಗಂಟೆ ಹೊಡೆದರೂ ಏಳಲಿಲ್ಲ. ಹುಡುಗರು ಅವರೇ, ಹೋದದ್ದು ಅಡ್ಡಿಗಳು.

ಹಿರಿಯರಿಗೆ ಇದನ್ನೇ ಹೇಳಿಕಳುಹಿಸಿದೆ. ಸನ್ಮಾನವನ್ನು ದೀಪ ಹಚ್ಚುವ ಮೊದಲೇ ಮುಗಿಸಿ; ಮರದ ಮೇಲಿನ ಲೌಡ್‌ಸ್ಪೀಕರನ್ನು ಇಳಿಸಿ; ಜನ ಕಣಕ್ಕೆ ಒತ್ತಿ ಕೂರಲಿ; ಕಥೆಯನ್ನು ಮಕ್ಕಳಿಗೆ ಒಂದು ವಾರ ಮೊದಲು ನಾನು ಹೇಳುತ್ತೇನೆ. ಒಂದು ವರ್ಷಕ್ಕೆ ಒಪ್ಪಿದರು. ಆಟ ನಡೆಯಿತು. ಹುಡುಗರೆಲ್ಲ ಕೂತರೆಂದು ಹೇಳಲಾರೆ; ನಡುರಾತ್ರಿಗೆ ಅರ್ಧದಷ್ಟು ಮಂದಿ ಎದ್ದುಹೋದರು. ಬೆಳ್ಳಿ ಮೂಡುವ ಹೊತ್ತಿಗೆ ನನ್ನ ತರಗತಿಯ ಕೆಲವರು ಕಂಬಳಿ ಹೊದ್ದು ಮುಂದಿನ ಸಾಲಿನಲ್ಲೇ ಇದ್ದರು. ಅವರಲ್ಲೊಬ್ಬ ಮಾರನೆಯ ವಾರ ಭಾಗವತರ ಮನೆಗೆ ತಾಳ ಕಲಿಯಲು ಹೋದ.

ಮನಸ್ಸೆಂಬ ಕನ್ನಡಿಯನ್ನು ಕಾವ್ಯಾಭ್ಯಾಸದಿಂದ ಬೆಳಗಿಕೊಂಡು ತನ್ಮಯನಾಗಬಲ್ಲವನೇ ಸಹೃದಯನೆಂದು ಅಭಿನವಗುಪ್ತನು ಹೇಳುತ್ತಾನೆ. ಕನ್ನಡಿಗೆ ಹಿಡಿದ ಧೂಳನ್ನು ಒರೆಸುವ ಕೆಲಸದಲ್ಲಿ ಆಡುವವರಿಗೂ, ಆಡಿಸುವವರಿಗೂ, ನಮ್ಮಂಥ ಮೇಷ್ಟರಿಗೂ ಪಾಲುಂಟು. ಮುಂದಿನ ಜಾತ್ರೆಗೆ ಏನು ಮಾಡಬೇಕೆಂದು ಆ ಹಳ್ಳಿಯವರು ಇನ್ನೂ ತೀರ್ಮಾನಿಸಿಲ್ಲ.