ಚಿತ್ರ ಚೆನ್ನಾಗಿ ಬಿಡಿಸಿದರೆ ಸಾಕೇ?

ಹತ್ತನೇ ತರಗತಿಯಲ್ಲಿದ್ದಾಗ ನನ್ನ ನೋಟ್‌ಬುಕ್ಕಿನ ಕೊನೆಯ ಪುಟಗಳ ತುಂಬ ಮನೆಗಳ ಚಿತ್ರಗಳೇ ಇರುತ್ತಿದ್ದವು. ಬಂದವರೆಲ್ಲ "ಇವಳು ಆರ್ಕಿಟೆಕ್ಟ್ ಆಗ್ತಾಳೆ" ಎನ್ನುತ್ತಿದ್ದರು. ನಾನೂ ನಂಬಿದೆ. ಏನನ್ನೂ ವಿಚಾರಿಸದೆ, ಗೆಳತಿಯರ ಜೊತೆ ಕಾಮರ್ಸ್ ಸೇರಿದೆ. ಈ ವರ್ಷ ನಿಯಮ ಓದಿದಾಗ ಗೊತ್ತಾಯಿತು: ಬಿ.ಆರ್ಕ್‌ಗೆ ಪಿಯುಸಿಯಲ್ಲಿ ಭೌತಶಾಸ್ತ್ರ ಮತ್ತು ಗಣಿತ ಓದಿರಲೇಬೇಕು. ನಾನು ಎರಡನ್ನೂ ಓದಿಲ್ಲ. ಅಂದು ರಾತ್ರಿ ನಿದ್ದೆ ಬರಲಿಲ್ಲ. ನಿಮಗೆ ಹಾಗಾಗಬಾರದೆಂದು ಇದನ್ನು ಬರೆಯುತ್ತಿದ್ದೇನೆ.

ಮೊದಲು ದಾರಿ ತಿಳಿದುಕೊಳ್ಳಿ. ಬಿ.ಆರ್ಕ್ 5 ವರ್ಷದ ಪದವಿ. ಕೌನ್ಸಿಲ್ ಆಫ್ ಆರ್ಕಿಟೆಕ್ಚರ್ ನಡೆಸುವ 'ನಾಟಾ'ದಂಥ ಪರೀಕ್ಷೆ ಬರೆಯಬೇಕು. ನಾಟಾದಲ್ಲಿ ಚಿತ್ರದ ಜೊತೆಗೆ ತರ್ಕದ ಪ್ರಶ್ನೆಗಳೂ ಇರುತ್ತವೆ. ನಮ್ಮ ರಾಜ್ಯದಲ್ಲಿ ಕೆಇಎ ಸೀಟು ಹಂಚುವಾಗ ನಾಟಾ ಅಂಕದ ಜೊತೆ ಪಿಯುಸಿ ಅಂಕವನ್ನೂ ನೋಡುತ್ತದೆ. ಗಣಿತ ಇರುವ 3 ವರ್ಷದ ಡಿಪ್ಲೊಮಾ ಮಾಡಿದವರಿಗೂ ಅವಕಾಶವಿದೆ. ಪದವಿ ಮುಗಿಸಿ ಕೌನ್ಸಿಲ್‌ನಲ್ಲಿ ಹೆಸರು ನೋಂದಾಯಿಸಿದ ಮೇಲೆಯೇ 'ಆರ್ಕಿಟೆಕ್ಟ್' ಎಂದು ಹಾಕಿಕೊಳ್ಳಬಹುದು. ಇದು 1972ರ ಕಾಯ್ದೆ.

ಇನ್ನು, ಈ ಕೆಲಸ ನಮಗೆ ಒಗ್ಗುತ್ತದೆಯೇ? ನನಗೆ ಇದನ್ನು ಕಲಿಸಿದ್ದು ನಮ್ಮ ಅಡುಗೆಮನೆ. ಅದರ ಒಂದೇ ಕಿಟಕಿ ಪಕ್ಕದ ಮನೆಯ ಗೋಡೆಗೆ ಎದುರಾಗಿದೆ. ಅಮ್ಮಿ ಹಗಲಲ್ಲೂ ಲೈಟ್ ಹಾಕಿಕೊಂಡೇ ರೊಟ್ಟಿ ಮಾಡುತ್ತಾರೆ. ನಾನು ಒಂದು ಗೋಡೆ ತೆಗೆದು ಹೊಸ ನಕ್ಷೆ ಬಿಡಿಸಿ, ಮೇಸ್ತ್ರಿ ಕೆಲಸ ಮಾಡುವ ಮಾಮುಗೆ ತೋರಿಸಿದೆ. "ಚೆನ್ನಾಗಿದೆ ಬೇಟಿ. ಆದರೆ ಈ ಗೋಡೆ ತೆಗೆದರೆ ಮೇಲಿನ ಭಾರ ಯಾರು ಹೊರ್ತಾರೆ?" ಎಂದರು. ಅಮ್ಮಿ ನೋಡಿ, "ಪಾತ್ರೆ ತೊಳೆಯೋ ಜಾಗ ಎಲ್ಲಿ?" ಎಂದರು. ನನ್ನ ಚಂದದ ಚಿತ್ರದಲ್ಲಿ ಎರಡಕ್ಕೂ ಉತ್ತರವಿರಲಿಲ್ಲ.

ನಮ್ಮ ವಿಜಯಪುರದ ಗೋಲ್ ಗುಂಬಜ್ ನೋಡಿ. ನಾವೆಲ್ಲ ಅಲ್ಲಿ ಕೂಗಿ ಪ್ರತಿಧ್ವನಿ ಕೇಳಿ ಬರುತ್ತೇವೆ. ಸುಮಾರು 41 ಮೀಟರ್ ಅಗಲದ ಚೌಕ ಸಭಾಂಗಣದ ನಡುವೆ ಒಂದೂ ಕಂಬವಿಲ್ಲ. ಒಂದನ್ನೊಂದು ದಾಟುವ ಎಂಟು ಕಮಾನುಗಳು ಗುಮ್ಮಟದ ಭಾರವನ್ನು ಗೋಡೆಗಳಿಗೆ ದಾಟಿಸುತ್ತವೆ. 'ಚೌಕದ ಮೇಲೆ ದುಂಡನೆಯ ಗುಮ್ಮಟ ಹೇಗೆ ಕೂತಿತು?' ಎಂದು ನಿಮ್ಮ ತಲೆ ಕೆರೆಯುತ್ತದೆಯೇ? ಹಾಗಿದ್ದರೆ ಅದು ಒಳ್ಳೆಯ ಗುರುತು.

ಇನ್ನೊಂದು ಪರೀಕ್ಷೆ ಮನೆಯಲ್ಲೇ ಮಾಡಬಹುದು. ಟೇಪು ಹಿಡಿದು ನಿಮ್ಮ ಮನೆ ಅಳೆಯಿರಿ. 1 ಮೀಟರಿಗೆ 2 ಸೆಂಟಿಮೀಟರ್ ಲೆಕ್ಕದಲ್ಲಿ ನಕ್ಷೆ ಬರೆಯಿರಿ. ಬೆಳಗ್ಗೆ, ಮಧ್ಯಾಹ್ನ, ಸಂಜೆ ಬಿಸಿಲು ಎಲ್ಲಿ ಬೀಳುತ್ತದೆಂದು ಗುರುತು ಹಾಕಿ. ಮನೆಯವರಿಗೆ ಏನು ತೊಂದರೆ ಎಂದು ಕೇಳಿ, ತಿದ್ದಿ ಬರೆಯಿರಿ. ಅವರು ಮತ್ತೆ ತಪ್ಪು ಹುಡುಕುತ್ತಾರೆ. ಮೂರನೇ ಸಲ ತಿದ್ದುವಾಗ ಬೇಸರ ಬಂದರೆ, ನಿಮಗೆ ಇಷ್ಟವಿರುವುದು ಚಿತ್ರಕಲೆ. ಇನ್ನೂ ಹಟ ಉಳಿದಿದ್ದರೆ ಆರ್ಕಿಟೆಕ್ಚರ್ ಬಗ್ಗೆ ಗಟ್ಟಿಯಾಗಿ ಯೋಚಿಸಿ.

ನಾನು ಈಗ ನಾಲ್ಕನೇ ನಕ್ಷೆಯಲ್ಲಿದ್ದೇನೆ. ಬಿ.ಆರ್ಕ್ ನನಗೆ ಸಿಗುವುದಿಲ್ಲ. ಆದರೆ ಬಿ.ಡಿಸ್‌ಗಾಗಿ ಇರುವ 'ಯುಸೀಡ್' ಪರೀಕ್ಷೆಯನ್ನು ಯಾವ ವಿಭಾಗದವರೂ ಬರೆಯಬಹುದು. ಅದಕ್ಕೆ ತಯಾರಿ ಶುರು ಮಾಡಿದ್ದೇನೆ. ನಿಮ್ಮ ಮನೆಯಲ್ಲಿ ಹತ್ತನೇ ತರಗತಿಯ ತಮ್ಮ, ತಂಗಿ ಇದ್ದರೆ, ಪಿಯುಸಿ ಅರ್ಜಿ ತುಂಬುವ ಮೊದಲು ಈ ಪುಟ ಓದಿಸಿ.