ನಿಮಗಿದು ಗೊತ್ತೆ? — ಬೆಸೆದ ಹೆಸರಿನ ರಾಷ್ಟ್ರ

ಪೂರ್ವ ಆಫ್ರಿಕದ ಟಾಂಜಾನಿಯಾ ಎಂಬ ನಾಮಧೇಯವು ಪ್ರಾಚೀನವಾದುದಲ್ಲ. ಎರಡು ನಾಡುಗಳ ಹೆಸರುಗಳನ್ನು ಬೆಸೆದು ನಿರ್ಮಿಸಿದ ಪದವದು. 1961ರ ಡಿಸೆಂಬರ್ 9ರಂದು ಬ್ರಿಟಿಷರ ಆಡಳಿತದಿಂದ ವಿಮುಕ್ತವಾದ ಟಾಂಗನೀಕವೂ, 1963ರ ಡಿಸೆಂಬರ್ 10ರಂದು ಸ್ವತಂತ್ರವಾಗಿ, ತಿಂಗಳೊಂದು ಕಳೆಯುತ್ತಲೇ ರಕ್ತಮಯ ಕ್ರಾಂತಿಯಲ್ಲಿ ತನ್ನ ಸುಲ್ತಾನನನ್ನು ಪದಚ್ಯುತಗೊಳಿಸಿದ ಜಾಂಜಿಬಾರ್ ದ್ವೀಪರಾಜ್ಯವೂ 1964ರ ಏಪ್ರಿಲ್ 26ರಂದು ಒಂದಾಗಲು, ಅದೇ ವರ್ಷದ ಅಕ್ಟೋಬರಿನಲ್ಲಿ ಈ ಸಂಯುಕ್ತ ನಾಮವು ಅಂಗೀಕೃತವಾಯಿತು. ನೂರಕ್ಕೂ ಮಿಕ್ಕ ಜನಾಂಗಗಳನ್ನು ಒಂದೇ ಸೂತ್ರದಲ್ಲಿ ಪೋಣಿಸಲೆಳಸಿದ ಪ್ರಥಮ ರಾಷ್ಟ್ರಾಧ್ಯಕ್ಷ ಜೂಲಿಯಸ್ ನೈರೆರೆಯವರು, ಯಾವೊಂದು ಪ್ರಬಲ ಪಂಗಡಕ್ಕೂ ಮೀಸಲಾಗದ ಸ್ವಾಹಿಲಿಗೆ ರಾಷ್ಟ್ರಭಾಷೆಯ ಪಟ್ಟವನ್ನಿತ್ತುದಲ್ಲದೆ, ಆ ನುಡಿಯು ಉನ್ನತ ಸಾಹಿತ್ಯಕ್ಕೂ ಸಮರ್ಥವೆಂಬುದನ್ನು ತೋರಿಸಲೋಸುಗ ಷೇಕ್ಸ್‌ಪಿಯರನ ‘ಜೂಲಿಯಸ್ ಸೀಸರ್’ ನಾಟಕವನ್ನು ತಾವೇ ಅದಕ್ಕೆ ಅನುವಾದಿಸಿ 1963ರಲ್ಲಿ ಪ್ರಕಟಿಸಿದರು.